ಸನ್ನೆಕೋಲೂ ಕೈಸನ್ನೆಯೂ

ಬೀದರ ನಗರದ ಮೈಲೂರದಂತಹ ಬಡಾವಣೆಗಳಲ್ಲಿ, ಮನೆಗಳ ಮತ್ತು ವಿದ್ಯುತ್ ತಂತಿಗಳ ನಡುವೆ ಬುಡ ಟೊಳ್ಳಾಗಿ ವಾಲಿದ ಹುಣಸೆಯ ಮರವನ್ನು ಒಮ್ಮೆಗೇ ಕಡಿದು ಕೆಡಹುವುದು ಸಾಧ್ಯವಲ್ಲ. ಕ್ರೇನಿನ ಕೊಂಡಿಗೆ ಬಿಗಿದು, ತುಂಡುತುಂಡಾಗಿ ಕೊಯ್ದು ಇಳಿಸಬೇಕಾಗುವುದು. ನಮ್ಮ ರಾಜ್ಯದ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಅದನ್ನು ಕಡಿಯುವವರ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಡವೆ?

ಹಸಿಮರದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಎಂದು ಹಿಡಿಯೋಣ. 60 ಸೆಂಟಿಮೀಟರ್ ವ್ಯಾಸದ, 4 ಮೀಟರ್ ಉದ್ದದ ತುಂಡು ಸುಮಾರು 1,130 ಕಿಲೋಗ್ರಾಂ ತೂಗುವುದು. ಕ್ರೇನೆಂಬುದು ಒಂದು ಬಗೆಯ ಸನ್ನೆಕೋಲು. ಅದೇ ತುಂಡು 5 ಮೀಟರಿನ ಬದಲು 10 ಮೀಟರ್ ದೂರದಲ್ಲಿ ತೂಗಿದರೆ ಯಂತ್ರವನ್ನು ಮಗುಚುವ ಪರಿಣಾಮ ಇಮ್ಮಡಿಯಾಗುವುದು.

ಹಗ್ಗ ಸಡಿಲವಾಗಿರುವಾಗಲೇ ಗರಗಸವು ಕೊನೆಯ ನಾರನ್ನು ಕೊಯ್ದರೆ ಏನಾದೀತು? ತುಂಡು ನಿಶ್ಚಲವಾಗಿ ತೂಗುವಾಗ ಹಗ್ಗವೂ ಕ್ರೇನಿನ ತೋಳೂ ಸೇರಿ 1 ಸೆಂಟಿಮೀಟರ್ ಮಣಿಯುವುವೆಂದು ಭಾವಿಸಿರಿ. ಆಗ ಕೇವಲ 4 ಸೆಂಟಿಮೀಟರ್ ಬಿದ್ದು ಜಗ್ಗಿದ ತುಂಡು ಕ್ಷಣಕಾಲ ತನ್ನ ತೂಕದ ನಾಲ್ಮಡಿ ಬಲದಿಂದ ಹಗ್ಗವನ್ನು ಎಳೆಯುವುದು. ಶಕ್ತಿಯ ನಿತ್ಯತೆಯ ನಿಯಮದಿಂದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಆದುದರಿಂದ ಹಗ್ಗ ಬಿಗಿಯಾಯಿತೆಂಬ ಸುದ್ದಿ ಕೊಯ್ಯುವವನಿಗೆ ಸರಿಯಾಗಿ ಮುಟ್ಟುವುದು ಹಗ್ಗದ ಗಟ್ಟಿತನದಷ್ಟೇ ಮುಖ್ಯ.

ಆ ಸುದ್ದಿಯನ್ನು ಕೂಗಿ ತಿಳಿಸಿದರಾಗದೆ ಎಂದು ಕೆಲವರು ಕೇಳಬಹುದು. ಸಾಧಾರಣ ಮಾತು ಸುಮಾರು 60 ಡೆಸಿಬೆಲ್. ಯಂತ್ರಗರಗಸದ ಸದ್ದು ಅದರ ಬಳಿಯಲ್ಲಿ 100 ಡೆಸಿಬೆಲ್ಲಿಗೂ ಮೇಲೆ. ಈ 40 ಡೆಸಿಬೆಲ್ಲಿನ ಅಂತರವೆಂದರೆ ತೀವ್ರತೆಯಲ್ಲಿ ಹತ್ತು ಸಾವಿರ ಪಟ್ಟು. ಇದಲ್ಲದೆ ಕನ್ನಡದಲ್ಲಿ ನಿಷೇಧವು ಮಾತಿನ ಕೊನೆಗೆ ಬರುವುದಷ್ಟೆ. "ಬಿಡಬೇಡ" ಎಂಬುದರ ಬಾಲವನ್ನು ಗರಗಸದ ಅಬ್ಬರ ನುಂಗಿದರೆ ಉಳಿಯುವುದು "ಬಿಡು" ಎಂಬಂತೆಯೇ ಕೇಳಿಸುವುದು! ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೆರೆಯುವ ಬೀದರದಂತಹ ಊರಿನಲ್ಲಿ ಕೂಗನ್ನು ನೆಚ್ಚುವುದು ಇನ್ನಷ್ಟು ಅಪಾಯಕರ.

ಕೈಸನ್ನೆಗೆ ಭಾಷಾಭೇದವಿಲ್ಲ, ಸದ್ದಿನ ಅಡ್ಡಿಯೂ ಇಲ್ಲ. ಆದರೆ ಅದಕ್ಕೂ ಕಟ್ಟುಪಾಡು ಬೇಕು. ಕೆಲಸಕ್ಕೆ ಮೊದಲೇ ಎಲ್ಲರೂ ಸನ್ನೆಗಳನ್ನು ಗೊತ್ತುಪಡಿಸಿಕೊಳ್ಳಬೇಕು. ಸನ್ನೆ ಕೊಡುವವನು ಒಬ್ಬನೇ ಇರಬೇಕು. ಆದರೆ "ನಿಲ್ಲಿಸು" ಎಂಬ ಸನ್ನೆಯನ್ನು ಮಾತ್ರ ಯಾರು ಕೊಟ್ಟರೂ ಪಾಲಿಸಬೇಕು. ಸನ್ನೆಗಾರನು ಚಾಲಕನ ಕಣ್ಣಿಗೆ ಮರೆಯಾದೊಡನೆ ಯಂತ್ರ ನಿಲ್ಲಬೇಕು. ಸನ್ನೆ ಕಾಣದಿರುವುದನ್ನು ಒಪ್ಪಿಗೆಯೆಂದು ತಿಳಿಯುವುದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ.

ಭಾರತೀಯ ಮಾನಕ ಬ್ಯೂರೋ ಕ್ರೇನುಗಳ ಸುರಕ್ಷಿತ ಬಳಕೆಗಾಗಿ 1992ರಲ್ಲಿಯೇ ಸಂಹಿತೆಯೊಂದನ್ನು ಹೊರತಂದಿತು. ತಿಳಿವಳಿಕೆಗೆ ಕೊರತೆಯಿಲ್ಲ, ಅದು ಬೀದಿಯ ಕೆಲಸದವರೆಗೆ ಇಳಿದು ಬರಬೇಕು. ಸನ್ನೆಗೆಂದೇ ಒಬ್ಬನನ್ನು ನಿಲ್ಲಿಸುವುದು ದಂಡದ ಖರ್ಚೆಂದು ಗುತ್ತಿಗೆದಾರರು ಹೇಳಿಯಾರು. ಒಂದು ದಿನದ ಕೂಲಿಯನ್ನು ಉಳಿಸಲು ಮರದ ಮೇಲಿರುವವನ ಜೀವವನ್ನು ಪಣಕ್ಕೊಡ್ಡುವುದು ಯಾವ ಲೆಕ್ಕ? ಕ್ರೇನು ಬಳಸಿ ಮರ ತೆಗೆಯುವೆಡೆಯಲ್ಲೆಲ್ಲ ತರಬೇತಾದ ಸನ್ನೆಗಾರನಿರಬೇಕೆಂಬ ಷರತ್ತು ಅನುಮತಿಪತ್ರದಲ್ಲಿಯೇ ಸೇರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.