ಡಾಂಬರು ರಸ್ತೆಯಿಂದ ಒಲಿಂಪಿಕ್ಸ್‌ಗೆ

ಜಮಖಂಡಿ, ಮುಧೋಳದ ಬಿಸಿಲಿನಲ್ಲಿ ಬೆಳೆದ ಮಕ್ಕಳಿಗೆ ಮಂಜುಗಡ್ಡೆಯ ಪರಿಚಯವಾಗುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ. ಭಾರದ ಕಲ್ಲಿನ ಪರಿಚಯವಾಗುವುದು ಜಾತ್ರೆಯಲ್ಲಿ, ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರ ಸುತ್ತ ನಿಂತಾಗ. ಈ ಎರಡನ್ನೂ ಕೂಡಿಸಿದ ಆಟವೊಂದಿದೆ. ಅದರ ಹೆಸರು ಕರ್ಲಿಂಗ್. ಹಿಡಿಕೆಯುಳ್ಳ, 20 ಕಿಲೋಗೆ ಸಮೀಪದ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಬಿಡುವುದು, ಜೊತೆಯವರು ಅದರ ಮುಂದೆ ಬ್ರಷ್ ಉಜ್ಜುತ್ತ ಓಡಿ ಕಲ್ಲನ್ನು ಗುರಿಯ ವೃತ್ತಕ್ಕೆ ಮುಟ್ಟಿಸುವುದು. ಆಟ ಇಷ್ಟೇ.

2025ರ ಫೆಬ್ರುವರಿ 14ರಂದು ಚೀನಾದ ಹಾರ್ಬಿನ್‌ನಲ್ಲಿ ಈ ಆಟ ಒಂದು ಅಚ್ಚರಿ ತೋರಿಸಿತು. ಏಷ್ಯನ್ ಚಳಿಗಾಲದ ಕ್ರೀಡಾಕೂಟದ ಪುರುಷರ ಫೈನಲ್‌ನಲ್ಲಿ ಫಿಲಿಪ್ಪೀನ್ಸ್ ತಂಡ ದಕ್ಷಿಣ ಕೊರಿಯಾವನ್ನು 5–3ರಿಂದ ಸೋಲಿಸಿತು. ವರ್ಷವಿಡೀ ಸೆಖೆಯಿರುವ ಆ ದ್ವೀಪ ದೇಶಕ್ಕೆ ಈ ಕೂಟದಲ್ಲಿ ದೊರೆತ ಮೊದಲ ಪದಕವೇ ಚಿನ್ನ! ಆದರೆ ಒಂದು ಮಾತು ನೆನಪಿಡಬೇಕು. ಗೆದ್ದ ಆಟಗಾರರು ಫಿಲಿಪ್ಪೀನ್ಸ್ ಮೂಲದವರಾದರೂ ಆಟ ಕಲಿತದ್ದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿ ಅಂಕಣವೂ ಇತ್ತು, ಗುರುಗಳೂ ಇದ್ದರು.

ಅಂಕಣವೇ ಇಲ್ಲದ ದೇಶದಲ್ಲಿ ಕಲಿತವರ ಕಥೆ ಬೇರೆ. ಅಂಥವರಲ್ಲಿ ಮೊದಲು ನೆನಪಾಗುವ ಹೆಸರು ಶಿವ ಕೇಶವನ್.

ತಂದೆ ಕೇರಳದವರು, ತಾಯಿ ಇಟಲಿಯವರು. ನೆಲೆಸಿದ್ದು ಹಿಮಾಚಲದ ಮನಾಲಿಯ ಬಳಿ. ಹಿಮಕ್ಕೆ ಅಲ್ಲಿ ಕೊರತೆಯಿಲ್ಲ. ಆದರೆ ಶಿವ ಆರಿಸಿಕೊಂಡ ಲೂಜ್ ಆಟಕ್ಕೆ ಬರೀ ಹಿಮ ಸಾಲದು. ಮಂಜುಗಡ್ಡೆ ಕಟ್ಟಿದ, ತಿರುವುಗಳುಳ್ಳ ಇಳಿಜಾರು ಕಾಲುವೆಯೇ ಬೇಕು. ಅದು ಭಾರತದಲ್ಲಿ ಇರಲಿಲ್ಲ. ಆಟಗಾರ ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಚಾಚಿ ಧುಮ್ಮಿಕ್ಕುತ್ತಾನೆ. ಬ್ರೇಕ್ ಇಲ್ಲ. ಮೀನಖಂಡ ಮತ್ತು ಭುಜದ ಒತ್ತಡವೇ ಚುಕ್ಕಾಣಿ. ಕಾಲವನ್ನು ಅಳೆಯುವುದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ.

ಶಿವ ಸನಾವರದ ಲಾರೆನ್ಸ್ ಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಆಸ್ಟ್ರಿಯಾದ ಗ್ಯುಂಟರ್ ಲೆಮ್ಮರರ್ ಪಂಚಕುಲದಲ್ಲಿ ಶಿಬಿರ ನಡೆಸಿದರು. ಕಾಲುವೆ ಇಲ್ಲದ್ದರಿಂದ ಜಾರುಬಂಡಿಗೆ ಗಾಲಿ ಕಟ್ಟಿ ರಸ್ತೆಗೆ ಇಳಿಸಿದರು. ಆ ರಸ್ತೆಯೇ ಮುಂದೆ ಶಿವನ ಪಾಠಶಾಲೆಯಾಯಿತು. ಹಿಮಾಲಯದ ಡಾಂಬರು ರಸ್ತೆಗಳಲ್ಲಿ ಲಾರಿ, ಕುರಿಮಂದೆಗಳ ನಡುವೆ ನುಸುಳುತ್ತ ಅಭ್ಯಾಸ ನಡೆಯಿತು. 1998ರಲ್ಲಿ, 16ರ ವಯಸ್ಸಿನಲ್ಲಿ, ಎರವಲು ಜಾರುಬಂಡಿಯೊಂದಿಗೆ ಜಪಾನಿನ ನಗಾನೊ ಒಲಿಂಪಿಕ್ಸ್‌ಗೆ ಹೋದಾಗ ಪಡೆದದ್ದು 28ನೇ ಸ್ಥಾನ.

ಅಲ್ಲಿಂದ 2018ರ ಪ್ಯೊಂಗ್‌ಚಾಂಗ್‌ವರೆಗೆ ಒಟ್ಟು ಆರು ಚಳಿಗಾಲದ ಒಲಿಂಪಿಕ್ಸ್. ಅತ್ಯುತ್ತಮ ಸಾಧನೆ 2006ರ ಟ್ಯೂರಿನ್‌ನಲ್ಲಿ 25ನೇ ಸ್ಥಾನ. ಒಲಿಂಪಿಕ್ ಪದಕ ಒಂದೂ ಇಲ್ಲ. ಏಷ್ಯಾ ಮಟ್ಟದಲ್ಲಿ ಮಾತ್ರ 2011, 2012, 2016 ಮತ್ತು 2017ರಲ್ಲಿ ಚಿನ್ನ. 2011ರಲ್ಲಿ ನಗಾನೊದಲ್ಲಿ ಅವರು ತಲುಪಿದ ವೇಗ ಗಂಟೆಗೆ 134.3 ಕಿಲೋಮೀಟರ್.

ಈ ಅಂಕಿಗಳ ಹಿಂದಿನ ಬೆಲೆಯನ್ನೂ ನೋಡಬೇಕು. 2010ರ ಫೆಬ್ರುವರಿ 12ರಂದು ವ್ಯಾಂಕೂವರ್ ಒಲಿಂಪಿಕ್ಸ್‌ನ ಅಭ್ಯಾಸದಲ್ಲಿ ಜಾರ್ಜಿಯಾದ 21 ವರ್ಷದ ನೊದಾರ್ ಕುಮಾರಿತಾಶ್ವಿಲಿ ಕಾಲುವೆಯಿಂದ ಹೊರಗೆ ಚಿಮ್ಮಿ ಉಕ್ಕಿನ ಕಂಬಕ್ಕೆ ಬಡಿದು ತೀರಿಕೊಂಡರು. ಮುಂದಿನ ದಿನಗಳಲ್ಲಿ ಅದೇ ಕಾಲುವೆಯಲ್ಲಿ ಶಿವ ಇಳಿಯಬೇಕಿತ್ತು. ಇಳಿದರು, 29ನೆಯವರಾದರು. ಮನೆಯಲ್ಲಿ ಕುಳಿತ ತಂದೆ-ತಾಯಿಯ ಎದೆ ಹೇಗೆ ಬಡಿದುಕೊಂಡಿರಬೇಡ!

2014ರ ಸೋಚಿಯಲ್ಲಿ ಇನ್ನೊಂದು ಪರೀಕ್ಷೆ. ಭಾರತ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿದ್ದುದರಿಂದ ತ್ರಿವರ್ಣ ಧ್ವಜ ಹಿಡಿಯುವಂತಿರಲಿಲ್ಲ. ಅಭ್ಯಾಸದ ಓಟವೊಂದರಲ್ಲಿ ಜಾರುಬಂಡಿಯಿಂದ ಬಿದ್ದ ಶಿವ, ಜಾರುತ್ತಲೇ ಮತ್ತೆ ಅದರ ಮೇಲೇರಿ ಓಟ ಮುಗಿಸಿದರು. ಸ್ಪರ್ಧೆ ಮುಗಿದದ್ದು ಫೆಬ್ರುವರಿ 9ಕ್ಕೆ, ಅಮಾನತು ತೆರವಾದದ್ದು 11ಕ್ಕೆ. ಎರಡೇ ದಿನದ ಅಂತರದಲ್ಲಿ ಧ್ವಜ ತಪ್ಪಿತು. ಇಟಲಿಯ ಪೌರತ್ವದ ಆಹ್ವಾನವನ್ನು ಹಿಂದೆಯೇ ಬೇಡವೆಂದಿದ್ದ ಮನುಷ್ಯನಿಗೆ ಇದು ಸಣ್ಣ ನೋವಲ್ಲ.

ಹಣದ ಪಾಡೂ ಅಷ್ಟೇ. ವಿದೇಶದಲ್ಲಿ ಅಭ್ಯಾಸ, ಪ್ರಯಾಣ, ಜಾರುಬಂಡಿ ಎಲ್ಲಕ್ಕೂ ಖರ್ಚು. ಸಾರ್ವಜನಿಕರ ಮುಂದೆ ಕೈಚಾಚಿದ್ದೂ ಉಂಟು. ಅರ್ಜುನ ಪ್ರಶಸ್ತಿ ಬಂದದ್ದು 2020ರಲ್ಲಿ, ನಿವೃತ್ತಿಯ ಎರಡು ವರ್ಷಗಳ ನಂತರ.

ಇನ್ನು ಮನೆಯ ಮಾತು. ಗರಡಿಗೋ ಸೈಕಲ್ ಸ್ಪರ್ಧೆಗೋ ಹೊರಟ ಮಗನನ್ನು ಬೀಳಗಿಯ ಅಥವಾ ಬನಹಟ್ಟಿಯ ಅಪ್ಪ ಕೇಳುವ ಪ್ರಶ್ನೆ ಒಂದೇ: “ಇದರಿಂದ ಹೊಟ್ಟಿ ತುಂಬತೈತೇನೋ ತಮ್ಮಾ?” ಪ್ರಶ್ನೆ ತಪ್ಪಲ್ಲ. ಶಿವ ಕೇಶವನ್ ಅವರ 20 ವರ್ಷಗಳ ಲೆಕ್ಕ ತೆಗೆದರೂ ಅದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಅವರ ನಂತರ ಆಟಕ್ಕೆ ಬರುವವರಿಗೆ ದಾರಿ ತೋರುವವರೊಬ್ಬರು ದೇಶದಲ್ಲೇ ಇದ್ದಾರೆ. 2022ರಲ್ಲಿ ಅವರು ಭಾರತ ಒಲಿಂಪಿಕ್ ಸಂಸ್ಥೆಯ ಕ್ರೀಡಾಪಟುಗಳ ಆಯೋಗಕ್ಕೂ ಆಯ್ಕೆಯಾದರು. ಇತ್ತ ಹಿಮವೇ ಬೀಳದ ಕೊಡಗಿನ ತೆಕ್ಕಡ ಭವಾನಿ ಪರ್ವತಾರೋಹಣದಿಂದ ಸ್ಕೀಯಿಂಗ್‌ಗೆ ಬಂದು ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. 2025ರಲ್ಲಿ ಚಿಲಿಯ ಸ್ಪರ್ಧೆಯಲ್ಲಿ ಕಂಚನ್ನೂ ಗೆದ್ದಿದ್ದಾರೆ.

ಪಾಲಕರು ಮಕ್ಕಳನ್ನು ‘ಪದಕ ಬರುತ್ತದೆಯೇ?’ ಎಂದು ಕೇಳುವ ಮೊದಲು ಮೂರು ಸಂಗತಿ ವಿಚಾರಿಸಲಿ: ಕಲಿಸುವವರು ಯಾರು, ಅಪಾಯವೆಷ್ಟು, ಓದು ಜೊತೆಗೆ ಸಾಗುತ್ತದೆಯೇ? ಮಕ್ಕಳೂ ಒಂದನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಲಿ: 28ನೇ ಸ್ಥಾನ ಬಂದ ಮರುದಿನವೂ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಹೋಗುವ ಮನಸ್ಸು ಇದೆಯೇ? ಹೌದೆಂದರೆ ರಸ್ತೆ ಡಾಂಬರಿನದಾದರೂ ನಡೆದೀತು.