ಹೊಸ್ತಿಲಾಚೆ: ರಾಯಭಾರಿಗಳ ಬೀದಿಯಲ್ಲಿ

ಹೋದ ಸಂಚಿಕೆಯಲ್ಲಿ ಅಮೆರಿಕದ ಅಡುಗೆಮನೆಗಳ ವಿಚಾರ ಬರೆದಿದ್ದೆ. ಈ ಸಲ ಬೀದಿಗೆ ಬರೋಣ. ತಂಗಿಯ ಬಾಣಂತನಕ್ಕೆಂದು ಹೋದವಳಿಗೆ ತಿಂಗಳೆರಡು ಮನೆಯೊಳಗೇ ಕಳೆದುಹೋಗಿತ್ತು. “ಅಕ್ಕಾ, ಇವತ್ತು ಮಗೂನ ಇವರು ನೋಡ್ಕೋತಾರೆ, ನಡಿ” ಅಂತ ಒಂದು ಶನಿವಾರ ಅವಳೇ ಹೊರಡಿಸಿದಳು.

ವಾಷಿಂಗ್ಟನ್ ನಗರದಲ್ಲಿ ಮ್ಯಾಸಚೂಸೆಟ್ಸ್ ಅವೆನ್ಯೂ ಅಂತ ಒಂದು ದೊಡ್ಡ ರಸ್ತೆ. ಡ್ಯುಪಾಂಟ್ ಸರ್ಕಲ್ ಎಂಬಲ್ಲಿಂದ ಮುಂದೆ ನಡೆದರೆ ಎರಡೂ ಬದಿಗೆ ಅರಮನೆಯಂಥ ಮನೆಗಳು. ಎಷ್ಟೋ ಮನೆಗಳ ಮುಂದೆ ಒಂದೊಂದು ದೇಶದ ಬಾವುಟ. ಅವೆಲ್ಲ ಈಗ ರಾಯಭಾರ ಕಚೇರಿಗಳು. ಈ ಬೀದಿಯನ್ನು ನಡೆಸಿಕೊಂಡು ಹೋಗಿ ಕಥೆ ಹೇಳುವ ಮಾರ್ಗದರ್ಶಕರಿದ್ದಾರೆ. ನಮಗೆ ಸಿಕ್ಕಿದ್ದು ನಮ್ಮತ್ತೆಯ ವಯಸ್ಸಿನ ಒಬ್ಬ ಹೆಂಗಸು. ಕೈಯಲ್ಲಿ ಕೊಡೆ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಏರುದಾರಿಯಲ್ಲೂ ಏದುಸಿರಿಲ್ಲ. ನಾನೇ ಹಿಂದೆ ಬಿದ್ದೆ. ಅವರ ಇಂಗ್ಲಿಷು ನನಗೆ ಅರ್ಧ ಹತ್ತುತ್ತಿತ್ತು, ಉಳಿದರ್ಧ ತಂಗಿ ಹೇಳುತ್ತಿದ್ದಳು.

ಮೊದಲು ನಿಂತದ್ದು ಇಂಡೊನೇಷ್ಯಾದ ರಾಯಭಾರ ಕಚೇರಿಯ ಮುಂದೆ. ನೋಡಿದರೆ ನಮ್ಮ ಸರಸ್ವತಿ! ನಾಲ್ಕು ಕೈ, ವೀಣೆ, ಜಪಮಾಲೆ, ಪುಸ್ತಕ, ಪಕ್ಕದಲ್ಲಿ ಹಂಸ, ಕಾಲ ಬುಡದಲ್ಲಿ ಮೂವರು ಮಕ್ಕಳು. ಬಾಲಿ ದ್ವೀಪದ ಶಿಲ್ಪಿಗಳ ಕೆಲಸವಂತೆ, 2013ರಲ್ಲಿ ನಿಲ್ಲಿಸಿದ್ದು. ಮುಸಲ್ಮಾನರೇ ಹೆಚ್ಚಿರುವ ದೇಶ ತನ್ನ ಬಾಗಿಲಿಗೆ ಸರಸ್ವತಿಯನ್ನು ಕೂರಿಸಿಕೊಂಡಿದೆ. ಕೈ ತಾನಾಗಿ ಮುಗಿಯಿತು.

ಈ ಮನೆ ಕಟ್ಟಿಸಿದವನು ಥಾಮಸ್ ವಾಲ್ಷ್. ಐರ್ಲೆಂಡಿನಿಂದ ಬಂದ ಬಡಗಿ. ಕೊಲರಾಡೋದಲ್ಲಿ ಚಿನ್ನದ ಗಣಿ ಸಿಕ್ಕಿ ಕುಬೇರನಾದ, 1903ರಲ್ಲಿ ಈ ಮನೆ ಎಬ್ಬಿಸಿದ. ಅವನ ಮಗಳು ಎವಲಿನ್. ಅವಳೂ ಅವಳ ಗಂಡನೂ 1911ರಲ್ಲಿ ಕೊಂಡ ನೀಲಿ ವಜ್ರವೇ ಹೋಪ್ ವಜ್ರ. ಅದು ನಮ್ಮ ಗೋಲ್ಕೊಂಡ ಸೀಮೆಯ ಗಣಿಯಿಂದ ಫ್ರಾನ್ಸಿನ ದೊರೆಗೆ ಹೋಗಿ, ಕೈಯಿಂದ ಕೈಗೆ ದಾಟಿ ಬಂದದ್ದು. 1919ರಲ್ಲಿ ಅವಳ ಒಂಬತ್ತು ವರ್ಷದ ಮಗ ಕಾರಿಗೆ ಸಿಕ್ಕಿ ಸತ್ತ. ಗಂಡ 1941ರಲ್ಲಿ ಮಾನಸಿಕ ಆಸ್ಪತ್ರೆಯಲ್ಲೇ ತೀರಿಕೊಂಡ. 1946ರಲ್ಲಿ ಮಗಳೂ ಹೋದಳು, ಮರುವರ್ಷ ಎವಲಿನ್ ತಾನೂ ಹೋದಳು. ವಜ್ರಕ್ಕೆ ಶಾಪವಿತ್ತು ಅಂತ ಊರೆಲ್ಲ ಆಡಿಕೊಂಡಿತು. ನಾನು ನಂಬೋದಿಲ್ಲ. ಹರಳು ಹಾಕಿಕೊಳ್ಳದ ತಾಯಂದಿರೂ ಮಕ್ಕಳನ್ನು ಕಳಕೊಂಡಿಲ್ಲವೇ? 1958ರಲ್ಲಿ ಅದನ್ನು ಆಗಿನ ಒಡೆಯ ಅಲ್ಲಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟ. ಕಳಿಸಿದ್ದು ಹೇಗೆ ಗೊತ್ತೇ? ರಿಜಿಸ್ಟರ್ಡ್ ಪೋಸ್ಟಿನಲ್ಲಿ!

ಅಲ್ಲೇ ಸ್ವಲ್ಪ ಮುಂದೆ ನಮ್ಮ ರಾಯಭಾರ ಕಚೇರಿ. ಅದರ ಎದುರಿನ ಪುಟ್ಟ ತೋಟದಲ್ಲಿ ಕೋಲೂರಿ ಹೆಜ್ಜೆ ಹಾಕುವ ಗಾಂಧೀಜಿ. 2000ದಲ್ಲಿ ವಾಜಪೇಯಿಯವರು ಬಂದಾಗ ಅನಾವರಣವಾದ ಪ್ರತಿಮೆ. ಸುತ್ತ ಅಷ್ಟೆಲ್ಲ ಅರಮನೆ, ನಡುವೆ ತುಂಡುಬಟ್ಟೆಯ ಇವರೊಬ್ಬರು.

ಹತ್ತಿರದಲ್ಲೇ ಆಂಡರ್ಸನ್ ಮನೆ, 1905ರಲ್ಲಿ ಮುಗಿದದ್ದು. ಐವತ್ತು ಕೋಣೆ ಅಂದಾಗ ನನಗೆ ಮೊದಲು ಹೊಳೆದದ್ದು, ಇದನ್ನೆಲ್ಲ ಗುಡಿಸಿ ಒರೆಸಿದವರು ಯಾರು ಅಂತ. ಲಾರ್ಜ್ ಆಂಡರ್ಸನ್ ದಂಪತಿಗಳು ಚಳಿಗಾಲದ ಔತಣಗಳ ಕಾಲಕ್ಕೆ ಇಲ್ಲಿಗೆ ಬಂದು ಇರುತ್ತಿದ್ದರಂತೆ. ಮಕ್ಕಳಿಲ್ಲ. ಹೆಸರೇನೋ ಗಂಡನದು, ಆದರೆ ಹೆಂಡತಿ ಇಸಬೆಲ್‌ಗೆ ತಾಯಿಯ ತಂದೆಯಿಂದ ಬಂದ ಆಸ್ತಿ ಅಪಾರ. ಗಂಡ 1937ರಲ್ಲಿ ಹೋದ ಮೇಲೆ ಆಕೆ ಮನೆಯನ್ನೇ ಒಂದು ಸಂಘಕ್ಕೆ ಕೊಟ್ಟುಬಿಟ್ಟಳು.

ಉಳಿದವರ ಕಥೆಯೂ ಹೆಚ್ಚುಕಡಿಮೆ ಹೀಗೇ. 1913ರಲ್ಲಿ ಆದಾಯ ತೆರಿಗೆ ಬಂತು, 1929ರಲ್ಲಿ ಷೇರು ಪೇಟೆ ಬಿತ್ತು, ಆಳುಕಾಳು ಸಿಗುವುದು ಕಷ್ಟವಾಯಿತು. ಮಾರಲು ಹೊರಟರೆ ಇಷ್ಟು ದೊಡ್ಡ ಮನೆ ಕೊಳ್ಳುವವರಾರು? ದೇಶಗಳೇ ಕೊಂಡವು. ವಾಲ್ಷನ ಮನೆಗೆ ಕಟ್ಟುವಾಗ ಎಂಟು ಲಕ್ಷ ಡಾಲರಿಗೂ ಮಿಕ್ಕಿ ಸುರಿದಿದ್ದರಂತೆ. 1951ರಲ್ಲಿ ಇಂಡೊನೇಷ್ಯಾ ಕೊಟ್ಟದ್ದು ಮೂರು ಲಕ್ಷ ಮೂವತ್ತೈದು ಸಾವಿರ. ಸಾಲ ಮಾಡಿ ಮೂರನೇ ಮಹಡಿ ಎಬ್ಬಿಸುತ್ತಿರುವ ನಮ್ಮ ಬೀದಿಯವರು ನೆನಪಾದರು. ಮಕ್ಕಳೆಲ್ಲ ಬೆಂಗಳೂರಿನಲ್ಲಿ.

ಶೆರಿಡನ್ ವೃತ್ತಕ್ಕೆ ಬಂದಾಗ ಕುದುರೆ ಸವಾರನ ದೊಡ್ಡ ಪ್ರತಿಮೆಯನ್ನು ಎಲ್ಲರೂ ನೋಡುತ್ತಿದ್ದರು. ನಮ್ಮಾಕೆ ಮಾತ್ರ ರಸ್ತೆಯಂಚಿನ ಒಂದು ಚಿಕ್ಕ ಸ್ಮಾರಕದ ಹತ್ತಿರ ನಿಂತು ಕೊಡೆ ಮಡಚಿದರು. 1976ರ ಸೆಪ್ಟೆಂಬರ್ 21ರ ಬೆಳಿಗ್ಗೆ ಇಲ್ಲಿ ಒಂದು ಕಾರು ಸಿಡಿಯಿತು. ಅದರಲ್ಲಿದ್ದವರು ಚಿಲಿ ದೇಶದ ಹಿಂದಿನ ರಾಯಭಾರಿ ಲೆಟೆಲಿಯರ್, ಅವರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಾನಿ ಮಾಫಿಟ್, ಹಿಂದಿನ ಸೀಟಿನಲ್ಲಿ ಆಕೆಯ ಗಂಡ. ಬಾಂಬು ಇಡಿಸಿದ್ದು ಚಿಲಿಯ ಸರ್ವಾಧಿಕಾರಿ ಪಿನೊಚೆಯ ಗುಪ್ತ ಪೊಲೀಸರು. ಲೆಟೆಲಿಯರ್ ಹಿಂದೆ ರಾಯಭಾರಿಯಾಗಿ ಸಂಸಾರ ಮಾಡಿದ್ದ ಮನೆ ಆ ವೃತ್ತದ ಪಕ್ಕದಲ್ಲೇ ಇದೆ. ಗಂಡ ಉಳಿದ, ರಾನಿ ಉಳಿಯಲಿಲ್ಲ. ಇಪ್ಪತ್ತೈದು ವರ್ಷ, ಮದುವೆಯಾಗಿ ನಾಲ್ಕೇ ತಿಂಗಳು.

ತಂಗಿ ಇಷ್ಟನ್ನು ಹೇಳಿ ಸುಮ್ಮನಾದಳು. ಎಷ್ಟೋ ಸಲ ಈ ದಾರಿಯಲ್ಲಿ ಕಾರು ಓಡಿಸಿದ್ದಾಳೆ, ಒಮ್ಮೆಯೂ ಕಂಡಿರಲಿಲ್ಲವಂತೆ.

ಹೋಗುವವರಿಗೆ ಎರಡು ಮಾತು. ಕಾಲಿಗೆ ಬೂಟೇ ಇರಲಿ, ಚಪ್ಪಲಿ ಬೇಡ. ಕಚೇರಿಗಳ ಒಳಗೆ ಸುಮ್ಮನೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಆಂಡರ್ಸನ್ ಮನೆ ಮಾತ್ರ ಈಗ ವಸ್ತುಸಂಗ್ರಹಾಲಯ, ಹಣವಿಲ್ಲದೆ ಒಳಗೆ ಹೋಗಬಹುದು. ತೆರೆಯುವ ದಿನ, ವೇಳೆ ಮೊದಲೇ ವಿಚಾರಿಸಿ. ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋದರೆ ಡ್ಯುಪಾಂಟ್ ಸರ್ಕಲ್ಲಿನ ಕಾರಂಜಿಯ ಬಳಿ ಕೂತು ತಿನ್ನಬಹುದು. ನಾವು ಹಾಗೇ ಮಾಡಿದೆವು.