ಬೇವಿನೆಣ್ಣೆ ಕಟ್ಟಿಕೊಂಡರೆ ಪಂಪನ್ನು ದೂರಬೇಡಿ



ಬೇವಿನೆಣ್ಣೆಯನ್ನು ಒಮ್ಮೆ ಸಿಂಪಡಿಸಿದ ಅನೇಕರು ಎರಡನೆಯ ಸಲ ಅದರ ಗೊಡವೆಗೇ ಹೋಗುವುದಿಲ್ಲ. ಕಾರಣ ಕೇಳಿದರೆ, ಎಣ್ಣೆಗೆ ಕೀಟ ಬಗ್ಗಲಿಲ್ಲ ಎನ್ನುವವರು ಕಡಿಮೆ; ಪಂಪು ಕಟ್ಟಿಕೊಳ್ಳುತ್ತದೆ ಸ್ವಾಮಿ ಎನ್ನುವವರೇ ಹೆಚ್ಚು. ಮರುದಿನ ಅಂಗಡಿಯಿಂದ ಘಾಟು ವಿಷದ ಬಾಟಲಿ ಬರುತ್ತದೆ. ಜಾಲರಿಯೊಂದು ಕಟ್ಟಿಕೊಂಡ ತಪ್ಪಿಗೆ ಹೊಲದ ಮಿತ್ರಕೀಟಗಳು ಬೆಲೆ ತೆರಬೇಕೆ? ಇದರಲ್ಲಿ ನಮ್ಮ ಪಾಲೂ ಇದೆ. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ ಎಂದು ಬರೆದು ಕೈತೊಳೆದುಕೊಳ್ಳುವ ನಾವು, ಬೆರೆಸುವ, ಸೋಸುವ ಬಗೆಯನ್ನು ಹೇಳುವುದು ಅಪರೂಪ.

ಬೆನ್ನಿಗೆ ಹೊರುವ ಕೈಪಂಪು ಎಂದರೆ ದೊಡ್ಡದೊಂದು ಪಿಚಕಾರಿ. ಕೊಂತ ಒತ್ತಿದಾಗ ದ್ರಾವಣಕ್ಕೆ ಮುಂದೆ ದಾರಿ ಇರಬೇಕು. ದಾರಿ ಮುಚ್ಚಿದ್ದರೆ ನಿಮ್ಮ ತೋಳಿನ ಬಲವೆಲ್ಲ ವಾಷರಿನ ಮೇಲೆ, ಕೊಳವೆಯ ಕೀಲಿನ ಮೇಲೆ ಬೀಳುತ್ತದೆ. ಯಾವುದು ದುರ್ಬಲವೋ ಅದು ಕಳಚಿಕೊಳ್ಳುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಹಟಕ್ಕೆ ಬಿದ್ದು ಒತ್ತಿ, ಕೊಳವೆ ಕಿತ್ತುಬಂದು, ಬೆನ್ನೆಲ್ಲ ಎಣ್ಣೆ ಮಾಡಿಕೊಂಡಿದ್ದೇನೆ. ಬೇವಿನೆಣ್ಣೆಯಾದ್ದರಿಂದ ವಾಸನೆ ಹೊತ್ತು ತಿರುಗಿದ್ದಷ್ಟೇ ಶಿಕ್ಷೆ. ಕೀಟನಾಶಕವಾಗಿದ್ದರೆ ಆಸ್ಪತ್ರೆ ಸೇರಬೇಕಾಗುತ್ತಿತ್ತು.

ಆದ್ದರಿಂದ ಹಿಡಿ ಬಿಗಿಯಾದೊಡನೆ ಕೈ ನಿಲ್ಲಿಸಿ. ಬಿಗಿಯಾಗಿದ್ದು ಮಂಜು ಬಾರದಿದ್ದರೆ ಅಡಚಣೆ ಮುಂದಿದೆ: ನಾಜಲ್‌ನಲ್ಲಿ, ಇಲ್ಲವೆ ಗುಂಡಿಯ ಹಿಡಿಕೆಯ ಜಾಲರಿಯಲ್ಲಿ. ಹಿಡಿ ಹಗುರಾಗಿ ಆಡುತ್ತ ಒತ್ತಡವೇ ಏರದಿದ್ದರೆ ದೋಷ ವಾಷರ್, ಕವಾಟ ಅಥವಾ ಹೀರುವ ಬಾಯಿಯದು. ಒತ್ತಡ ಇಳಿಸಿದ ಮೇಲೆಯೇ ಬಿಚ್ಚಿ. ವಾಷರ್ ಉಬ್ಬಿ ಸಿಲಿಂಡರಿನಲ್ಲಿ ಬಿಗಿದಿದ್ದರೆ ಅದು ಸಾದಾ ರಬ್ಬರು. ಎಣ್ಣೆ ಕುಡಿದು ಊದಿಕೊಳ್ಳುವುದು ಅದರ ಗುಣ. ನೈಟ್ರೈಲ್ ರಬ್ಬರಿನ ವಾಷರ್ ಕೇಳಿ ಹಾಕಿಸಿ.

ಆದರೆ ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆಗಳು ಹುಟ್ಟುವುದು ಪಂಪಿನಲ್ಲಲ್ಲ, ಬಕೀಟಿನಲ್ಲಿ. ಎಣ್ಣೆ ನೀರಿನಲ್ಲಿ ಬೆರೆಯದು. ಅದಕ್ಕೆ ಸಾಬೂನು ಬೇಕು. ಗಡಸು ನೀರಿಗೆ ಸಾಬೂನು ಬಿದ್ದರೆ ಅದರ ಸುಣ್ಣದ ಅಂಶದೊಡನೆ ಕೂಡಿ ಬಿಳಿಯ ಗಸಿಯಾಗುತ್ತದೆ. ಗಡಸು ನೀರಿನ ಊರಿನಲ್ಲಿ ಸ್ನಾನ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಗಸಿಯೇ ಜಾಲರಿಯ ಕಣ್ಣಿಗೆ ಮೆತ್ತುತ್ತದೆ. ಅಂತಹ ಊರುಗಳಲ್ಲಿ ಮಳೆನೀರು ಬಳಸಿ, ಇಲ್ಲವೆ ಅಂಟುವಾಳದ ಕಾಯಿಯ ಸಿಪ್ಪೆ ನೆನೆಸಿದ ರಸ ಹಾಕಿ. ಅದರ ನೊರೆ ಗಡಸು ನೀರಿನಲ್ಲಿಯೂ ಒಡೆಯದು. ಚಳಿಗಾಲದಲ್ಲಿ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಒಲೆಯ ಮೇಲಿಡಬೇಡಿ, ಕಾವಿಗೆ ಅದರ ಸತ್ವ ಕೆಡುತ್ತದೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಸಾಕು.

ಕರಗಿದ ಎಣ್ಣೆಯನ್ನು ಮೊದಲು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ಇಳಿಯಲಿ. ಹಿಂಡಿದರೆ ಮಡ್ಡಿಯೂ ಇಳಿಯುತ್ತದೆ. ಆಮೇಲೆ ಎಣ್ಣೆಗೆ ಸಾಬೂನು ನೀರು ಅಥವಾ ಅಂಟುವಾಳದ ರಸ ಬೆರೆಸಿ ಕದಡಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಮಜ್ಜಿಗೆಯಂತಾದ ಮೇಲೆ ಒಂದು ಗಾಜಿನ ಲೋಟದಲ್ಲಿ ಕಾಲು ಗಂಟೆ ಇಟ್ಟು ನೋಡಿ. ಎಣ್ಣೆ ಮೇಲೆ ತೇಲಿದರೆ ರಸ ಸಾಲದು. ಹಾಗೆಂದು ಸಾಬೂನನ್ನು ಮಿತಿಮೀರಿ ಸುರಿಯಬೇಡಿ, ಎಲೆ ಸುಡಬಹುದು. ನಾಲ್ಕು ಗಿಡಕ್ಕೆ ಹೊಡೆದು ನೋಡಿ ಮುಂದುವರಿಯಿರಿ. ಪಂಪಿಗೆ ಹುಯ್ಯುವಾಗ ಇಮ್ಮಡಿ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಅರ್ಧ ಗಂಟೆ ಹಿಡಿಯುತ್ತದೆ, ನಿಜ. ಬಿಸಿಲಿನಲ್ಲಿ ನಿಂತು ಹತ್ತು ಸಲ ನಾಜಲ್ ಬಿಚ್ಚುವುದಕ್ಕೂ ಅಷ್ಟೇ ಹೊತ್ತು ಬೇಕಲ್ಲವೆ?

ನಾಜಲ್ ಕಟ್ಟಿದರೆ ಬಾಯಿಯಿಂದ ಊದುವವರನ್ನು ಈಗಲೂ ಕಾಣುತ್ತೇನೆ. ಅದೇ ಪಂಪಿನಲ್ಲಿ ಮೊನ್ನೆ ಏನು ಹೊಡೆದಿದ್ದಿರೆಂದು ನೆನಪಿಸಿಕೊಳ್ಳಿ. ತಂತಿಯೂ ಬೇಡ, ರಂಧ್ರ ಅಗಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸಾಬೂನು ನೀರು ಸಾಕು. ಕೆಲಸ ಮುಗಿದ ಸಂಜೆಯೇ ಪಂಪಿನಲ್ಲಿ ಬೆಚ್ಚಗಿನ ಸಾಬೂನು ನೀರು ಆಡಿಸಿ, ಜಾಲರಿಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿಡಿ.